ಹೊಳೆಗೆ ಹೋಗಿಬರುವ ಮಕ್ಕಳು

ಏಪ್ರಿಲ್ 10ರ ಆಸುಪಾಸಿನಲ್ಲಿ ರಾಜ್ಯದ ಪ್ರಾಥಮಿಕ ಶಾಲೆಗಳು ಫಲಿತಾಂಶ ಓದಿಹೇಳಿ ಮಕ್ಕಳನ್ನು ಮನೆಗೆ ಕಳಿಸುತ್ತವೆ. ಅಲ್ಲಿಂದ ಮೇ ತಿಂಗಳ ಕೊನೆಯವರೆಗೆ ರಜೆ. ರಾಯಚೂರು ಜಿಲ್ಲೆ, ಮಾನ್ವಿ ತಾಲ್ಲೂಕಿನ ಪೋತ್ನಾಳದಲ್ಲಿ ಇದೇ ದಿನಗಳಲ್ಲಿ ಇನ್ನೊಂದು ಬಾಗಿಲೂ ಮುಚ್ಚುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಎರಡನೆಯ ಬೆಳೆಗೆ ಬಿಡುವ ನೀರು, ಜಲಾಶಯದಲ್ಲಿ ಸಂಗ್ರಹವಿದ್ದ ವರ್ಷಗಳಲ್ಲಿಯೂ, ಸಾಮಾನ್ಯವಾಗಿ ಮಾರ್ಚ್ ಕೊನೆಗೋ ಏಪ್ರಿಲ್ ಮೊದಲ ವಾರಕ್ಕೋ ನಿಂತುಬಿಡುತ್ತದೆ. ವರ್ಷವಿಡೀ ಕಾಲುವೆಯ ಕಡೆ ಸುಳಿಯಬೇಡಿರೆಂದು ಬೆತ್ತ ತೋರಿಸುತ್ತಿದ್ದ ಮೇಷ್ಟರು ಶಾಲೆಗೆ ಬೀಗ ಹಾಕಿ ತಮ್ಮೂರಿನ ಬಸ್ಸು ಹತ್ತುವ ಹೊತ್ತಿಗೆ ಕಾಲುವೆಯ ತಳದಲ್ಲಿ ಪಾಚಿ ಒಣಗಿ ಸಿಪ್ಪೆ ಏಳುತ್ತಿರುತ್ತದೆ. ನೀರಿದ್ದಾಗ ಬಿಡುವಿಲ್ಲ, ಬಿಡುವಿದ್ದಾಗ ನೀರಿಲ್ಲ. ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಐದನೆಯ ತರಗತಿಯ ಹುಡುಗನೊಬ್ಬನಿಗೆ ಕುರ್ಚಿ ಕೊಟ್ಟಿದ್ದರೆ ಅವನು ಎತ್ತುವ ಮೊದಲ ಪ್ರಶ್ನೆ ಇದೇ ಆಗಿರುತ್ತಿತ್ತು.

ರಾಯಚೂರು ಸೀಮೆಗೆ ಎರಡೇ ಋತುಗಳು, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂಬ ನಗೆಮಾತು ಹಳೆಯದು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿದರೂ ನಡುವಣ ನೆಲ ಮೇ ತಿಂಗಳಲ್ಲಿ 42–43 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಲ್ಲಿ ಸುದ್ದಿಯೇ ಅಲ್ಲ. ತೋಟದ ನೆರಳಿನಲ್ಲಿ, ತೋಡಿನ ನೀರಿನಲ್ಲಿ ರಜೆ ಕಳೆಯುವ ಮಲೆನಾಡಿನ ಮಕ್ಕಳಿಗೆ ಆ ಬಿಸಿಲಿನ ಅಂದಾಜು ಸಿಗುವುದು ಕಷ್ಟ. ಎರೆಹೊಲ ಬಾಯಿಬಿಟ್ಟು ಮೊಳಕೈ ಇಳಿಯುವಷ್ಟು ಬಿರುಕಾಗುತ್ತದೆ. ಹುಡುಗರು ಆ ಬಿರುಕಿನೊಳಗೆ ಜೋಳದ ದಂಟು ಇಳಿಬಿಟ್ಟು ಯಾರದು ಹೆಚ್ಚು ಆಳ ಹೋಯಿತೆಂದು ಪಂದ್ಯ ಕಟ್ಟುತ್ತಾರೆ. ಬೆಳಗಿನ ಹೊತ್ತು ಬೇವಿನ ಮರದಡಿ ಗೋಲಿ, ಚಿನ್ನಿದಾಂಡು. ಮಧ್ಯಾಹ್ನ ಗುಡಿಯ ಕಲ್ಲುಹಾಸಿನ ಮೇಲೆ ನಿದ್ದೆಯ ಸೋಗು. ಹಿರಿಯರ ಕಣ್ಣು ಮುಚ್ಚಿದೊಡನೆ ಸೀಮೆಹುಣಸೆಯ ಮರಕ್ಕೆ ಕಲ್ಲು. ಸಂಜೆಗೆ ಕೈಯಲ್ಲಿ ಹತ್ತು ರೂಪಾಯಿ ಸೇರಿದರೆ ಮಂಡಾಳ ಒಗ್ಗರಣೆ, ಜೊತೆಗೊಂದು ಮಿರ್ಚಿ. ಇಷ್ಟರಲ್ಲಿ ಒಂದು ತಿಂಗಳು ಕಳೆಯುತ್ತದೆ. ಉಳಿದ ಹದಿನೈದು ದಿನಗಳಲ್ಲಿ ಒಂದಾದರೂ ದಿನ ಹೊಳೆಗೆ ಹೋಗಬೇಕು. ಆ ಒಂದು ದಿನಕ್ಕಾಗಿಯೇ ಉಳಿದವೆಲ್ಲ ಎಂಬಂತೆ ಮಕ್ಕಳು ಕಾಯುತ್ತಾರೆ.

ಪೋತ್ನಾಳ ಹೊಳೆಯ ದಂಡೆಯ ಊರಲ್ಲ. ಮಾನ್ವಿಯಿಂದ ಸಿಂಧನೂರಿಗೆ ಹೋಗುವ ಹೆದ್ದಾರಿಯ ಮೇಲಿನ ಊರು. ಹೊಳೆ ಎಂದರೆ ದಕ್ಷಿಣಕ್ಕೆ ಹೊರಟು ತುಂಗಭದ್ರೆಯವರೆಗೆ ಹೋಗಬೇಕು. ಹೀಗಾಗಿ ಹೊಳೆಯ ದಿನವೆಂದರೆ ಸಣ್ಣದೊಂದು ದಂಡಯಾತ್ರೆ. ಹಿಂದೆ ಬಂಡಿ ಕಟ್ಟುತ್ತಿದ್ದರು, ಈಗ ಟಂಟಂ ಗೊತ್ತುಮಾಡುತ್ತಾರೆ. ಒಂದು ಟಂಟಂನಲ್ಲಿ ಎಷ್ಟು ಜನ ಕೂರಬಹುದು ಎಂಬ ವಿಷಯದಲ್ಲಿ ಸಾರಿಗೆ ಇಲಾಖೆಗೂ ಆ ಸೀಮೆಯ ಅಜ್ಜಿಯರಿಗೂ ಎಂದಿನಿಂದಲೂ ಭಿನ್ನಾಭಿಪ್ರಾಯವಿದೆ. ಬುತ್ತಿಯ ಗಂಟಿನಲ್ಲಿ ಕಟಿರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಮೊಸರನ್ನ. ಚಿಗವ್ವನ ಮಡಿಲಲ್ಲಿ ವರ್ಷದ ಕೂಸು. ಹಿಂದಿನ ಸೀಟಿನಲ್ಲಿ ಕಾಲು ಹೊರಗೆ ಇಳಿಬಿಟ್ಟು ಕುಳಿತ ಸೋದರಮಾವ, ಅವನ ಹೆಗಲಲ್ಲಿ ಟ್ರ್ಯಾಕ್ಟರಿನ ಹಳೆಯ ಟ್ಯೂಬು.

ಹೋಗುವ ಊರು ಹಲವು ಸಲ ಚೀಕಲಪರ್ವಿ. ದಾಸಸಾಹಿತ್ಯ ಬಲ್ಲವರಿಗೆ ಅದು ವಿಜಯದಾಸರ ಊರು. ಮಕ್ಕಳಿಗೆ ಮಾತ್ರ ಅದು ಮರಳಿನ ಊರು. ಬೇಸಿಗೆಯ ತುಂಗಭದ್ರೆ ಬಂಡೆಗಳ ನಡುವೆ ಒಂದೆರಡು ಎಳೆಯಾಗಿ ಸುಳಿಯುತ್ತದೆ, ಉಳಿದದ್ದೆಲ್ಲ ಮರಳು. ಆ ಮರಳಿನಲ್ಲಿ ಎರಡು ಗೇಣು ಕೈಯಿಂದ ಬಗೆದರೆ ತಳದಲ್ಲಿ ತೇವ. ಇನ್ನೊಂದು ಗೇಣು ಬಗೆದು ಸುಮ್ಮನೆ ಕೂತರೆ ಮೆಲ್ಲಗೆ ನೀರು ಒಸರುತ್ತದೆ. ಮೊದಲು ಕೆಂಪಗೆ, ಆಮೇಲೆ ಬೂದಿಬಣ್ಣ, ಮೂರನೆಯ ಸಲ ಮೊಗೆದು ಚೆಲ್ಲಿದ ಮೇಲೆ ಕನ್ನಡಿಯಂತೆ ತಿಳಿ. ಇದಕ್ಕೆ ವರತಿ ಎನ್ನುತ್ತಾರೆ. ಬಿಸಿಲಿಗೆ ಕಾದ ಮರಳಿನ ಹೊಟ್ಟೆಯಲ್ಲಿ ತಣ್ಣನೆಯ ನೀರಿರುವುದನ್ನು ತನ್ನ ಕೈಯಿಂದಲೇ ಬಗೆದು ಕಂಡ ಮಗುವಿಗೆ ನದಿಯೆಂದರೆ ಮೇಲೆ ಹರಿಯುವ ನೀರು ಮಾತ್ರವಲ್ಲವೆಂಬುದನ್ನು ಬೇರೆ ಪಾಠ ಮಾಡಿ ಹೇಳಬೇಕಾಗಿಲ್ಲ. ಮರಳಿನ ಕಣಗಳ ನಡುವಿನ ಎಡೆಯಲ್ಲಿ ನೀರು ತುಂಬಿ ನಿಲ್ಲುತ್ತದೆ, ದಂಡೆಯ ಊರುಗಳ ಬಾವಿಗಳಿಗೆ ಸೇರುತ್ತದೆ, ಬಿಸಿಲಿಗೆ ಬೇಗ ಆರುವುದಿಲ್ಲ. ಅಂತರ್ಜಲದ ಬಗ್ಗೆ ಪರಿಸರ ಸಂಘಟನೆಗಳು ಹಂಚುವ ಕರಪತ್ರಗಳಲ್ಲಿ ಇದೇ ಸಂಗತಿ ಇರುತ್ತದೆ, ಆದರೆ ಅದನ್ನು ಓದಿದವನಿಗೆ ಬಾಯಾರಿಕೆ ತೀರುವುದಿಲ್ಲ.

ಇಂಥ ದಿನಕ್ಕೆ ಪ್ರವಾಸೋದ್ಯಮವೆಂಬ ಹೆಸರು ಸಲ್ಲುವುದಿಲ್ಲ. ಇದರಲ್ಲಿ ಯಾವ ಉದ್ಯಮವೂ ಇಲ್ಲ, ಟಂಟಂನವನ ಬಾಡಿಗೆಯನ್ನು ಬಿಟ್ಟರೆ ಯಾರಿಗೂ ಲಾಭವಿಲ್ಲ. ಬಹುಶಃ ಆ ಕಾರಣಕ್ಕೇ ಇದು ಯಾವ ಇಲಾಖೆಯ ಕಡತದಲ್ಲಿಯೂ ಬರುವುದಿಲ್ಲ. ಬೇಸಿಗೆಯ ವಿಹಾರವೆಂದರೆ ದೂರದ ಗುಡ್ಡಕ್ಕೆ ವಾಹನ ಮಾಡಿಕೊಂಡು ಹೋಗುವುದು ಎಂಬ ಎಣಿಕೆ ಈಚಿನ ವರ್ಷಗಳಲ್ಲಿ ಗಟ್ಟಿಯಾಗಿದೆ. ಅದರ ಫಲವನ್ನು ಗಟ್ಟದ ಮೇಲಿನ ಹಳ್ಳಿಗಳು ಉಣ್ಣುತ್ತಲೇ ಇವೆ. 2024ರ ಜನವರಿ ಕೊನೆಯ ವಾರದ ರಜೆಯಲ್ಲಿ ಕುಮಾರಪರ್ವತದ ಬುಡದಲ್ಲಿ ನೆರೆದ ಜನಜಂಗುಳಿಯನ್ನು ಕಂಡು ಸರ್ಕಾರವು ಚಾರಣವನ್ನೇ ತಡೆಹಿಡಿದು, ಆಮೇಲೆ ಮುಂಗಡ ನೋಂದಣಿಯ ನಿಯಮ ತಂದದ್ದು ಎಲ್ಲರಿಗೂ ನೆನಪಿದೆ. ಬೆಟ್ಟಕ್ಕೆ ಬರುವವರನ್ನು ಬೈಯುವುದು ಸುಲಭ. ಅವರು ತಮ್ಮೂರ ಹತ್ತಿರದಲ್ಲಿದ್ದ ಹೊಳೆ, ಕೆರೆ, ಗುಡ್ಡ, ತೋಪುಗಳನ್ನು ಬಿಟ್ಟು ಮುನ್ನೂರು ಕಿಲೋಮೀಟರು ಏಕೆ ಬರುತ್ತಾರೆಂದು ಕೇಳುವವರು ಕಡಿಮೆ. ಹತ್ತಿರದವು ಹೋಗುವಂತೆ ಉಳಿದಿಲ್ಲ ಎಂಬುದು ಅದಕ್ಕಿರುವ ಒಂದು ಉತ್ತರ. ಪೋತ್ನಾಳದ ಹೊಳೆಯ ದಿನವೂ ಹಾಗೆಯೇ ಕೈಬಿಟ್ಟುಹೋಗುತ್ತಿದೆ. ‘ಹೊಳಿಗಿ ಬ್ಯಾಡ’ ಎಂದು ಮೊದಲು ಹೇಳುವವಳು ಈಗ ಅಜ್ಜಿಯೇ. ಒಂದು ಕಾಲಕ್ಕೆ ಬುತ್ತಿ ಕಟ್ಟಿ ಮೊದಲು ಹೊರಡುತ್ತಿದ್ದವಳೂ ಅವಳೇ.

ಅಜ್ಜಿಯ ಅಂಜಿಕೆ ಮುದಿತನದ್ದಲ್ಲ. ಆಕೆಗೆ ಗೊತ್ತಿದ್ದ ಹೊಳೆ ಈಗಿಲ್ಲ. ನದಿಯ ತಳ ಸಹಜವಾಗಿರುವಲ್ಲಿ ನೀರು ಹೆಚ್ಚಾಗಿ ಮೆಲ್ಲಮೆಲ್ಲನೆ ಆಳವಾಗುತ್ತದೆ: ಪಾದ ಮುಳುಗಿ, ಮೊಣಕಾಲು ಮುಳುಗಿ, ಸೊಂಟಕ್ಕೆ ಬಂದಾಗ ಮಗು ತಾನಾಗಿಯೇ ನಿಲ್ಲುತ್ತದೆ. ಎಲ್ಲಿ ಮಡು, ಎಲ್ಲಿ ಸುಳಿ ಎಂಬುದು ದಂಡೆಯ ಊರಿನವರಿಗೆ ತಲೆಮಾರುಗಳಿಂದ ಬಾಯಿಪಾಠ. ಮರಳು ತೆಗೆಯುವ ಯಂತ್ರ ಇಳಿದ ಮೇಲೆ ಈ ಬಾಯಿಪಾಠ ಸುಳ್ಳಾಯಿತು. ಯಂತ್ರ ಬಗೆದ ಗುಂಡಿ ಗೋಡೆಯಂತೆ ನೇರವಾಗಿ ಇಳಿಯುತ್ತದೆ. ಜಲಾಶಯದಿಂದ ಕುಡಿಯುವ ನೀರಿಗೆಂದು ಹೊಳೆಗೆ ಸ್ವಲ್ಪ ನೀರು ಬಿಟ್ಟರೆ ಗುಂಡಿ ತುಂಬಿ ಮೇಲ್ಮೈ ಸಮನಾಗುತ್ತದೆ. ನಿನ್ನೆ ಇಲ್ಲದ ಗುಂಡಿ ಇಂದು ಇರುತ್ತದೆ. ಮೊಣಕಾಲು ಆಳದಲ್ಲಿ ನಡೆಯುತ್ತಿದ್ದ ಮಗು ಮುಂದಿನ ಹೆಜ್ಜೆಗೆ ತಲೆಮೇಲಿನ ಆಳದಲ್ಲಿರುತ್ತದೆ. ಅಂಚಿನ ಮರಳು ಹಿಡಿದರೆ ಕುಸಿಯುತ್ತದೆ. ಎತ್ತಲು ಹೋದವರೂ ಅದೇ ಅಂಚಿನಿಂದ ಜಾರುತ್ತಾರೆ. ಒಂದೇ ಮನೆಯ ಇಬ್ಬರು ಮೂವರು ಒಟ್ಟಿಗೆ ನೀರುಪಾಲಾಗುವ ಸುದ್ದಿಗಳ ಹಿಂದೆ ಹಲವು ಸಲ ಇರುವುದು ಇಷ್ಟೇ. ಪತ್ರಿಕೆಗಳು ಅದನ್ನು ‘ಈಜಲು ಹೋಗಿ ಸಾವು’ ಎಂದು ಬರೆಯುತ್ತವೆ. ಆ ತಲೆಬರಹದಲ್ಲಿ ತಪ್ಪೆಲ್ಲ ಈಜಲು ಹೋದವನದು, ಗುಂಡಿ ತೋಡಿದವನ ಸುಳಿವೇ ಇಲ್ಲ.

ಕಾನೂನು ಇಲ್ಲವೆಂದಲ್ಲ. ಮರಳಿನಂಥ ಉಪಖನಿಜದ ಸಣ್ಣ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿತು. ಕೇಂದ್ರ ಪರಿಸರ ಸಚಿವಾಲಯದ 2016ರ ಮಾರ್ಗಸೂಚಿಯು ನದಿಪಾತ್ರದಲ್ಲಿ ಮೂರು ಮೀಟರ್ ಅಥವಾ ನೀರಿನ ಮಟ್ಟ, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಆಳಕ್ಕೆ ಮರಳು ತೆಗೆಯಬಾರದೆಂದು ಗೆರೆ ಎಳೆಯಿತು. 2020ರಲ್ಲಿ ನಿಗಾ ವ್ಯವಸ್ಥೆಯ ಬಗ್ಗೆ ಇನ್ನೊಂದು ಮಾರ್ಗಸೂಚಿ ಬಂತು. ಗೆರೆಗಳು ಕಾಗದದ ಮೇಲೆ ಚೆನ್ನಾಗಿವೆ. ನದಿಯ ದಂಡೆಯಲ್ಲಿ ಅವನ್ನು ಕಾಯುವವರ ಪಾಡು ಬೇರೆ. 2018ರ ಡಿಸೆಂಬರಿನಲ್ಲಿ ಇದೇ ಮಾನ್ವಿ ತಾಲ್ಲೂಕಿನಲ್ಲಿ ಅಕ್ರಮವಾಗಿ ಮರಳು ಸಾಗಿಸುತ್ತಿದ್ದ ಲಾರಿಯನ್ನು ತಡೆಯಲು ಹೋದ ಗ್ರಾಮಲೆಕ್ಕಿಗರೊಬ್ಬರು ಆ ಲಾರಿಯಡಿಯೇ ಸಿಕ್ಕಿ ಪ್ರಾಣ ಬಿಟ್ಟರು. ಮಕ್ಕಳ ಜಲಕ್ರೀಡೆಯ ಮಾತಿಗೆ ಇಷ್ಟು ಘೋರವಾದ ಸಂಗತಿಯನ್ನು ಏಕೆ ತರಬೇಕೆಂದು ಕೇಳುವವರಿರಬಹುದು. ವರತಿ ಬಗೆಯುವ ಕೈಯೂ ಲಾರಿಗೆ ತುಂಬುವ ಯಂತ್ರವೂ ಇಳಿಯುವುದು ಒಂದೇ ಮರಳಿಗೆ.

ಹೊಳೆ ಬೇಡವೆಂದರೆ ಬಾವಿಯಿತ್ತು. ಮೆಟ್ಟಿಲು ಕಟ್ಟಿದ ತೆರೆದ ಬಾವಿ ಆ ಸೀಮೆಯ ಈಜುಶಾಲೆ. ಸೋದರಮಾವ ಅಲ್ಲಿಯ ಗುರು. ಒಣಗಿದ ಸೋರೆಬುರುಡೆಯನ್ನೋ ಖಾಲಿ ಎಣ್ಣೆಡಬ್ಬಿಯನ್ನೋ ಬೆನ್ನಿಗೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಹಗ್ಗದ ತುದಿ ತನ್ನ ಕೈಯಲ್ಲಿ ಹಿಡಿದು ಮಾವ ಮೇಲೆ ನಿಲ್ಲುತ್ತಿದ್ದ. ಮೊದಲ ದಿನ ಅಳು, ಎರಡನೆಯ ದಿನ ನೀರು ಕುಡಿದ ಕೆಮ್ಮು, ವಾರದ ಹೊತ್ತಿಗೆ ಹಗ್ಗ ಸಡಿಲ. ಒಂದು ದಿನ ಮಾವ ಯಾರಿಗೂ ಹೇಳದೆ ಹಗ್ಗವನ್ನು ಕೈಬಿಡುತ್ತಿದ್ದ. ಮಗು ದಡ ಮುಟ್ಟಿದ ಮೇಲೆ ತಿರುಗಿ ನೋಡಿ, ತುದಿ ನೀರಿನಲ್ಲಿ ತೇಲುವುದನ್ನು ಕಂಡು ಬೆಚ್ಚುತ್ತಿತ್ತು. ಆ ಬೆಚ್ಚುವಿಕೆಯ ಸೊಗಸನ್ನು ಯಾವ ಬೇಸಿಗೆ ಶಿಬಿರವೂ ಇನ್ನೂ ಪಠ್ಯಕ್ಕೆ ಸೇರಿಸಿಲ್ಲ. ಕೊಳವೆಬಾವಿ ಬಂದ ಮೇಲೆ ತೆರೆದ ಬಾವಿಗೆ ದಿಕ್ಕಿಲ್ಲದಾಯಿತು. ನೀರು ಕೆಳಗಿಳಿಯಿತು, ಮೆಟ್ಟಿಲು ಕುಸಿಯಿತು, ಊರಿನ ಕಸಕ್ಕೆ ಒಂದು ಗುಂಡಿ ಬೇಕಿತ್ತು, ಸಿಕ್ಕಿತು. ಈಜು ಕಲಿಯದ ಒಂದು ಪೀಳಿಗೆ ಹೀಗೆ ಬೆಳೆದು, ಈಗ ತಾನೇ ಸೋದರಮಾವನಾಗಿ ನಿಂತಿದೆ. ಹಗ್ಗ ಹಿಡಿಯಬೇಕಾದವನಿಗೇ ಈಜು ಬಾರದು.

ಕಾಲುವೆಯ ಕಥೆ ಇನ್ನೂ ವಿಚಿತ್ರ. ಎಡದಂಡೆ ಕಾಲುವೆಯು 227 ಕಿಲೋಮೀಟರು ಹರಿದು ಕೊಪ್ಪಳ, ರಾಯಚೂರು ಜಿಲ್ಲೆಗಳ ನೆಲಕ್ಕೆ ನೀರುಣಿಸುತ್ತದೆ. ಜೋಳ, ಸಜ್ಜೆಯ ಸೀಮೆಯಲ್ಲಿ ಭತ್ತ ಬಂದದ್ದು, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದದ್ದು ಅದರಿಂದಲೇ. ಮಣ್ಣಿನ ಕಾಲುವೆಯಾಗಿದ್ದ ಕಾಲದಲ್ಲಿ ದಂಡೆಗೆ ಹುಲ್ಲಿತ್ತು, ಬೇರು ಇತ್ತು, ಬಿದ್ದವನ ಕೈಗೆ ಏನಾದರೂ ಸಿಗುತ್ತಿತ್ತು. ನೀರು ಸೋರಬಾರದೆಂದು ಇಳಿಜಾರಿಗೆ ಸಿಮೆಂಟು ಹಾಕಿದರು. ಕೊನೆಯಂಚಿನ ರೈತರಿಗೆ ನೀರು ಮುಟ್ಟಬೇಕಾದರೆ ಅದು ಬೇಕು, ಅದನ್ನು ಬೇಡವೆನ್ನುವುದು ಅನ್ಯಾಯ. ಆದರೆ ಪಾಚಿ ಕಟ್ಟಿದ ಸಿಮೆಂಟಿನ ಇಳಿಜಾರನ್ನು ಮಗುವೊಂದು ಹತ್ತಲಾರದು, ಬಟ್ಟೆ ಒಗೆಯಲು ಕುಳಿತ ತಾಯಿಯೂ ಹತ್ತಲಾರಳು. ಊರಿಗೊಂದು ಕಡೆ ನಾಲ್ಕು ಮೆಟ್ಟಿಲು, ಅಡ್ಡಲಾಗಿ ಒಂದು ಸರಪಳಿ, ಸೇತುವೆಯ ಕಟ್ಟೆಗೆ ಕಟ್ಟಿದ ಒಂದು ಹಗ್ಗ. ಇಷ್ಟಕ್ಕೆ ಎಷ್ಟು ಖರ್ಚು ಬೀಳುತ್ತದೆ? ಕಾಲುವೆಯ ಆಧುನೀಕರಣದ ಬಜೆಟ್ಟಿನಲ್ಲಿ ಅದು ಬಿಡಿಕಾಸು. ಕ್ಯೂಸೆಕ್ಸಿನ ಲೆಕ್ಕ ಹಾಕುವವರಿಗೆ ಮನುಷ್ಯ ಆ ನೀರಿಗೆ ಇಳಿಯುತ್ತಾನೆಂಬುದು ಹೊಳೆಯದೆ ಹೋದದ್ದೇ ಸೋಜಿಗ.

ಇದಕ್ಕೆಲ್ಲ ಸುಲಭವಾದ ಉತ್ತರವೊಂದಿದೆ, ಅದನ್ನು ಸಭ್ಯ ಜನರೇ ಹೆಚ್ಚಾಗಿ ಕೊಡುತ್ತಾರೆ: ಮಕ್ಕಳನ್ನು ನೀರಿಗೆ ಬಿಡಬೇಡಿ, ಫಲಕ ನೆಡಿ, ಬೇಲಿ ಹಾಕಿ, ಮೊಬೈಲು ಕೊಟ್ಟು ಮನೆಯಲ್ಲಿ ಕೂರಿಸಿ. ಕೃಷ್ಣೆಯ ಕಡೆ, ದೇವದುರ್ಗದ ದಂಡೆಯಲ್ಲಿ ಮೊಸಳೆಗಳಿವೆ. ಅಲ್ಲಿ ಫಲಕ ಬೇಕೇ ಬೇಕು. ಆದರೆ ಎಲ್ಲ ನೀರಿಗೂ ಮೊಸಳೆಯ ಫಲಕವನ್ನೇ ನೆಟ್ಟರೆ ಆಗುವುದೇನು? ನೀರನ್ನು ಅರಿಯದ ಮಗು ಒಂದಲ್ಲ ಒಂದು ದಿನ ಕದ್ದು ಹೋಗುತ್ತದೆ, ಒಂಟಿಯಾಗಿ ಹೋಗುತ್ತದೆ, ಹಗ್ಗವಿಲ್ಲದೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರತಂದ ವರದಿಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅದೇ ಸಂಸ್ಥೆ ಸೂಚಿಸುವ ಪರಿಹಾರಗಳಲ್ಲಿ ಎಳೆಯರನ್ನು ಕಾಯುವುದೂ, ಅಪಾಯದ ನೀರಿಗೆ ತಡೆಯೊಡ್ಡುವುದೂ ಇವೆ, ಅವುಗಳ ಜೊತೆಗೇ ಶಾಲಾ ವಯಸ್ಸಿನ ಮಕ್ಕಳಿಗೆ ಈಜು ಮತ್ತು ನೀರಿನ ಎಚ್ಚರವನ್ನು ಕಲಿಸುವುದೂ ಇದೆ. ವಿಶ್ವಸಂಸ್ಥೆಯ ಮಹಾಸಭೆ 2021ರಲ್ಲಿ ಜುಲೈ 25ನ್ನು ಇದಕ್ಕಾಗಿಯೇ ಒಂದು ದಿನವಾಗಿ ಗೊತ್ತುಪಡಿಸಿತು. ಜಿನೀವಾದ ತಜ್ಞರು ಹೇಳುತ್ತಿರುವುದನ್ನೇ ಪೋತ್ನಾಳದ ಸೋದರಮಾವ ಸೋರೆಬುರುಡೆ ಕಟ್ಟಿ ಮಾಡುತ್ತಿದ್ದ. ಅವನಿಗೆ ಬೇಕಾದದ್ದು ನಂಬಬಹುದಾದ ಒಂದು ಬಾವಿ, ಮೋಸ ಮಾಡದ ಒಂದು ಹೊಳೆ.

ಮನೆಯೊಳಗೆ ಕೂರಿಸಬೇಕೆನ್ನುವವರಿಗೆ ಇನ್ನೊಂದು ಸಂಗತಿಯೂ ಗೊತ್ತಿರಬೇಕು. ಆ ಸೀಮೆಯ ಎಷ್ಟೋ ಮಕ್ಕಳಿಗೆ ಬೇಸಿಗೆಯ ಪ್ರಯಾಣವೆಂದರೆ ಗುಳೆ. ಕೆಲಸ ಮುಗಿದ ಹೊಲ ಬಿಟ್ಟು ಅಪ್ಪ ಅವ್ವ ಬೆಂಗಳೂರಿಗೋ ಪುಣೆಗೋ ಹೈದರಾಬಾದಿಗೋ ಕಟ್ಟಡದ ಕೆಲಸಕ್ಕೆ ಹೊರಟರೆ ಬೆನ್ನಿಗೆ ಮಕ್ಕಳೂ ಹೊರಡುತ್ತಾರೆ. ಅವರ ಸಾಹಸ ಮರಳಿನ ಗುಡ್ಡೆಯ ಮೇಲೆಯೇ ನಡೆಯುತ್ತದೆ. ಆ ಮರಳು ಅವರ ಊರಿನ ಹೊಳೆಯಿಂದ ಬಂದದ್ದೂ ಇರಬಹುದು. ಉಳಿದವರಲ್ಲಿ ಹಲವರು ರಜೆ ಬಂದೊಡನೆ ಕೂಲಿಗೆ ಹೋಗುವವರು. ಪೋತ್ನಾಳದ ಹೆಸರನ್ನು ಹೊರಗಿನ ಚಳವಳಿಗಾರರು ಕೇಳಿರುವುದು ಹೆಚ್ಚಾಗಿ ಅಲ್ಲಿಯ ಜಾಗೃತ ಮಹಿಳಾ ಸಂಘಟನೆಯಿಂದ. ದಲಿತ ಕೃಷಿಕೂಲಿ ಮಹಿಳೆಯರು ಕಟ್ಟಿಕೊಂಡ ಆ ಸಂಘಟನೆ ಕೂಲಿಯ ಹಕ್ಕಿನ ಮಾತಾಡುತ್ತಲೇ ಸುಟ್ಟ ಮಣ್ಣಿನ ಆಭರಣ ಮಾಡಿತು, ಬೇವಿನ ಬೀಜದಿಂದ ಗೊಬ್ಬರ ಮಾಡಿತು, ದುಡಿಯಲು ಹೋಗುತ್ತಿದ್ದ ಮಕ್ಕಳಿಗಾಗಿ ‘ಚಿಲಿಪಿಲಿ’ ಎಂಬ ಶಾಲೆಯನ್ನೂ ನಡೆಸಿತು. ಮಗುವಿಗೆ ಬಾಲ್ಯ ಬೇಕು ಎಂಬುದು ಅಲ್ಲಿ ಹೋರಾಡಿ ಪಡೆದ ಮಾತು. ಆಟವೆಂಬುದು ಹೊಟ್ಟೆ ತುಂಬಿದವರ ಚಿಂತೆ ಎಂದು ಹೇಳುವವರು ಈ ಊರನ್ನು ಒಮ್ಮೆ ನೋಡಿಬರಬೇಕು. ಹೊಟ್ಟೆಯ ಮಾತೂ ಇದೆ: 2024ರ ಬರದಲ್ಲಿ ರಾಜ್ಯದ 223 ತಾಲ್ಲೂಕುಗಳಲ್ಲಿ ಬೇಸಿಗೆ ರಜೆಯಲ್ಲಿಯೂ ಶಾಲೆಯ ಬಿಸಿಯೂಟ ನಡೆಯಿತು. ಊಟಕ್ಕಾಗಿ ಶಾಲೆಯ ಬಾಗಿಲು ತೆರೆಯಬಹುದಾದರೆ, ಊಟದ ಮೊದಲೊಂದು ಗಂಟೆ ಈಜಿಗಾಗಿ ಊರಬಾವಿಯ ಬಾಗಿಲನ್ನೂ ತೆರೆಯಬಹುದು.

ನೀರಿಲ್ಲದ ಸಾಹಸಗಳೂ ಆ ಸೀಮೆಯಲ್ಲಿ ಬೇಕಾದಷ್ಟಿವೆ. ಸಿಂಧನೂರು ದಾಟಿ ಲಿಂಗಸುಗೂರಿನ ಹಾದಿ ಹಿಡಿದರೆ ಮಸ್ಕಿ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನದ ಜಾಡು ಹುಡುಕುತ್ತ ಅಲ್ಲಿಯ ಗುಡ್ಡ ಹತ್ತಿದ. ಅವನಿಗೆ ಸಿಕ್ಕಿದ್ದು ಬಂಡೆಯ ಮೇಲಿನ ಬ್ರಾಹ್ಮೀ ಅಕ್ಷರ. ಅದುವರೆಗೆ ‘ದೇವಾನಾಂಪ್ರಿಯ’ನೆಂದು ಮಾತ್ರ ಶಾಸನಗಳಲ್ಲಿ ಕಾಣುತ್ತಿದ್ದ ದೊರೆಯ ‘ಅಶೋಕ’ ಎಂಬ ಹೆಸರು ಆ ಬಂಡೆಯ ಮೇಲೆ ಸ್ಪಷ್ಟವಾಗಿತ್ತು. ಧರ್ಮದ ಈ ಗುರಿ ದೊಡ್ಡವರಿಗೆ ಮಾತ್ರ ಎಟಕುವುದೆಂದು ತಿಳಿಯಬಾರದು, ಸಣ್ಣವರೂ ಅದನ್ನು ಮುಟ್ಟಬಲ್ಲರು ಎಂಬುದು ಅದರ ತಾತ್ಪರ್ಯ. ಬಿಸಿಲೇರುವ ಮೊದಲು ಗುಡ್ಡ ಹತ್ತಿದ ಮಕ್ಕಳಿಗೆ ಇದನ್ನು ಓದಿ ಹೇಳಿದರೆ ಅವರು ಕೇಳುವ ಪ್ರಶ್ನೆ, ಚಿನ್ನ ಕಡೆಗೆ ಸಿಕ್ಕಿತೇ ಇಲ್ಲವೇ ಎಂಬುದು. ಅದೂ ನ್ಯಾಯವಾದ ಪ್ರಶ್ನೆಯೇ. ಹಟ್ಟಿಯ ಚಿನ್ನದ ಗಣಿ ಅದೇ ಸೀಮೆಯಲ್ಲಿದೆ. ಮಲೆನಾಡಿನ ಶಾಲೆಗಳು ಪ್ರವಾಸವೆಂದರೆ ಮೈಸೂರು, ಬೆಂಗಳೂರೆಂದು ಹೋಗುವ ಬದಲು ಚಳಿಗಾಲದಲ್ಲೊಮ್ಮೆ ಇತ್ತ ಬರಬಹುದು. ಬೇಸಿಗೆಯಲ್ಲಿ ಬಂದರೆ ಮಾತ್ರ ಆತಿಥೇಯರ ಮೇಲೆ ತಪ್ಪು ಹೊರಿಸಬಾರದು.

ಮಲೆನಾಡಿನ ಪತ್ರಿಕೆಯೊಂದರಲ್ಲಿ ಬಯಲುಸೀಮೆಯ ಮಕ್ಕಳ ಹೊಳೆಯ ಮಾತೇಕೆ ಎಂಬ ಪ್ರಶ್ನೆಗೆ ಹೊಳೆಯೇ ಉತ್ತರ. ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ತುಂಗೆ ಭದ್ರೆಗಳು ಕೂಡಲಿಯಲ್ಲಿ ಒಂದಾಗಿ, 1953ರಲ್ಲಿ ಮುಗಿದ ಹೊಸಪೇಟೆಯ ಅಣೆಕಟ್ಟನ್ನು ಹಾದು ಚೀಕಲಪರ್ವಿಗೆ ಬರುತ್ತವೆ. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆಯುತ್ತಿದ್ದಷ್ಟು ಕಾಲ ಅದರ ಕೆಮ್ಮಣ್ಣು ಭದ್ರೆಗಿಳಿಯುತ್ತಿತ್ತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಅದು ನಿಂತಿತು. ಅದಕ್ಕಾಗಿ ಬೆಟ್ಟದ ಜನ ಪಟ್ಟ ಪಾಡಿನ ಫಲದಲ್ಲಿ ಒಂದು ಪಾಲು ಕೆಳಗಿನ ಮಕ್ಕಳದೂ ಹೌದು. ತುಂಗಭದ್ರಾ ಜಲಾಶಯದ ಸಂಗ್ರಹ ಮೊದಲಿಗೆ ಸುಮಾರು 133 ಟಿಎಂಸಿ ಅಡಿ ಇದ್ದದ್ದು ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಮೇಲಿನ ಇಳಿಜಾರಿನಲ್ಲಿ ಕೊಚ್ಚಿದ ಮಣ್ಣು ಕೆಳಗಿನ ಊರಿನ ನೀರಿನ ಪಾಲನ್ನು ಹೀಗೆ ನುಂಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಆ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ಹರಿದು ಗೇಟು ಕೊಚ್ಚಿಹೋದಾಗ ನಾಲ್ಕು ಜಿಲ್ಲೆಗಳ ರೈತರು ಉಸಿರು ಬಿಗಿಹಿಡಿದು ಕೂತಿದ್ದರು. ಒಂದು ಹೊಳೆಯ ಜನ ಒಬ್ಬರಿಗೊಬ್ಬರು ಅಪರಿಚಿತರಾಗಿರುವುದು ಇಂಥ ರಾತ್ರಿಗಳಲ್ಲಿ ಕಷ್ಟ.

ಇದೇ ತುಂಗಭದ್ರೆಯ ಮೇಲ್ಭಾಗದಲ್ಲಿ, ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರು ಪಾತ್ರವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಎಂದು ಸಾರಲಾಯಿತು. ಬಹಳ ಒಳ್ಳೆಯ ಕೆಲಸ. ನೀರುನಾಯಿಗೆ ಬೇಕಾದದ್ದೂ ಹತ್ತು ವರ್ಷದ ಮಗುವಿಗೆ ಬೇಕಾದದ್ದೂ ಹೆಚ್ಚು ಬೇರೆಯಲ್ಲ: ಹರಿಯುವ ನೀರು, ಕೆಡದ ಮರಳದಂಡೆ, ಬಂಡೆಯ ನೆರಳು, ಸಿಡಿಮದ್ದು ಹಾಕಿ ಮೀನು ಹಿಡಿಯುವವರ ಹಾವಳಿ ಇಲ್ಲದಿರುವುದು. ನೀರುನಾಯಿಗೆ ಸಿಕ್ಕಿದ ಮೀಸಲಾತಿಯನ್ನು ಮಕ್ಕಳಿಗೂ ವಿಸ್ತರಿಸಬಾರದೇಕೆ? ಅಷ್ಟು ಉದ್ದ ಬೇಡ. ಊರವರು ಮೀಯುವ, ಜಾತ್ರೆಗೆ ಇಳಿಯುವ, ಮಕ್ಕಳು ಆಡುವ ಕಡೆಗಳನ್ನು ಪಂಚಾಯಿತಿಯೇ ಗುರುತಿಸಿ, ಅದರ ಮೇಲೂ ಕೆಳಗೂ ಒಂದಿಷ್ಟು ದೂರ ಮರಳಿನ ಗುತ್ತಿಗೆ ಕೊಡಬಾರದೆಂದು ಗ್ರಾಮಸಭೆಯಲ್ಲಿ ಬರೆಸಬಹುದು. ಈಗಾಗಲೇ ತೋಡಿದ ಗುಂಡಿಗಳನ್ನು ತೋಡಿದವರಿಂದಲೇ ಬೇಸಿಗೆಗೆ ಮೊದಲು ಮುಚ್ಚಿಸಬಹುದು. ಮುಚ್ಚುವವರೆಗೆ ನಾಲ್ಕು ಬಿದಿರುಗಳ ನೆತ್ತಿಗೆ ಕೆಂಪು ಬಟ್ಟೆ ಕಟ್ಟಿ ನೆಡುವುದಕ್ಕೆ ಯಾವ ಟೆಂಡರೂ ಬೇಕಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ಈಚಿನ ವರ್ಷಗಳಲ್ಲಿ ಬೇಸಿಗೆ ಶಿಬಿರಗಳು ನಡೆದಿವೆ. ಅಲ್ಲಿ ಕಾಗದದ ದೋಣಿ ಮಡಚಲು ಕಲಿಸುವವರು ನಿಜವಾದ ನೀರಿನ ಮಾತನ್ನೂ ಒಂದು ದಿನ ಆಡಬಹುದು. ನದಿ ಚೆನ್ನಾಗಿದೆಯೇ ಎಂದು ಅಳೆಯಲು ಪ್ರಯೋಗಾಲಯದ ಬಾಟಲಿಗಳು ಬೇಕು, ನಿಜ. ಅಜ್ಜಿ ಮೊಮ್ಮಗಳನ್ನು ಹೊಳೆಗೆ ಕಳಿಸುತ್ತಾಳೆಯೇ ಎಂಬುದನ್ನೂ ಆ ವರದಿಯ ಒಂದು ಕಲಮಿನಲ್ಲಿ ಬರೆದುಕೊಂಡರೆ ವರದಿ ಓದುವಂತಾಗುತ್ತದೆ.

ಗ್ರಾಮಸಭೆ ಫೆಬ್ರವರಿಯೊಳಗೆ ನಡೆಯಬೇಕು. ಏಪ್ರಿಲ್ ಬಂದ ಮೇಲೆ ಯಾರನ್ನೂ ಹಿಡಿಯಲಾಗದು. ಹಿರಿಯರು ಗುಳೆಯಲ್ಲಿ ಅಥವಾ ಮದುವೆಗಳಲ್ಲಿ, ಕಿರಿಯರು ಹುಣಸೆಮರದ ಮೇಲೆ. ಬೇಸಿಗೆ ಕಳೆದು ಬೆಟ್ಟದ ಮಳೆ ಇಳಿದು ಜಲಾಶಯ ಏರಿ, ಮಳೆ ಸರಿಯಾಗಿ ಬಂದ ವರ್ಷ ಜುಲೈ ಹೊತ್ತಿಗೆ ಕಾಲುವೆಗೆ ಮತ್ತೆ ನೀರು ಬರುತ್ತದೆ. ಅಷ್ಟರಲ್ಲಿ ಪೋತ್ನಾಳದ ಶಾಲೆ ತೆರೆದು ತಿಂಗಳ ಮೇಲಾಗಿರುತ್ತದೆ. ಕಾಲುವೆಗೆ ನೀರು ಬಿಟ್ಟ ಸುದ್ದಿ ಊರಿನಲ್ಲಿ ಹಬ್ಬಿದ ದಿನ ಹಾಜರಿ ಕರೆಯುವಾಗ ಹಿಂದಿನ ಬೆಂಚುಗಳಲ್ಲಿ ಐದಾರು ಹೆಸರುಗಳಿಗೆ ಉತ್ತರ ಬರುವುದಿಲ್ಲ. ಮೇಷ್ಟರು ಪುಸ್ತಕ ಮುಚ್ಚಿ, ಚಪ್ಪಲಿ ಮೆಟ್ಟಿಕೊಂಡು, ಬೆತ್ತ ಹಿಡಿದು ಕಾಲುವೆಯ ಕಡೆ ಹೊರಡುತ್ತಾರೆ.